ಗೋರಿಕಲ್ಲು ಸಾಗಿಸಿದರು, ಹೆಣ ಬಿಟ್ಟರು

ಗುಡ್ಡದ ನೆತ್ತಿಯಲ್ಲಿ ಇಬ್ಬರು ನಿಂತಿದ್ದಾರೆ. ಒಬ್ಬ ಕೆಳಗಿನ ಬಡಾವಣೆ ಕಟ್ಟಿದ ಕಂಪನಿಯ ಯಜಮಾನ. ಇನ್ನೊಬ್ಬ ಅದೇ ಕಂಪನಿಯಲ್ಲಿ ಮನೆ ಮಾರುವ ನೌಕರ, ಆ ಬಡಾವಣೆಯ ನಿವಾಸಿಯೂ ಹೌದು. ಕಣಿವೆಯ ತುಂಬ ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳು. ಮುಂದಿನ ಹಂತದ ಮನೆಗಳು ಈ ಗುಡ್ಡಕ್ಕೇ ಬರುತ್ತವೆ, ನಿನಗೂ ಇಲ್ಲೊಂದು ಕೊಡುತ್ತೇನೆ ಎನ್ನುತ್ತಾನೆ ಯಜಮಾನ. ನೌಕರ ತಿರುಗಿ ನೋಡಿದರೆ ಬೆನ್ನ ಹಿಂದೆಯೇ ಸ್ಮಶಾನ. ಇದನ್ನೇನು ಮಾಡುತ್ತೀರಿ? ಬೇರೆಡೆಗೆ ಸಾಗಿಸಿದರಾಯಿತು, ಅದಕ್ಕೇನು? 1976ರಲ್ಲಿ ಇಲ್ಲೇ ಕೆಳಗೆ ಒಮ್ಮೆ ಹಾಗೇ ಮಾಡಿದ್ದೇವೆ. ಇದು ಆದಿವಾಸಿಗಳ ಪುರಾತನ ಸಮಾಧಿಯೇನಲ್ಲ, ಬರೀ ಜನರದ್ದು ಎಂದು ಅವನೇ ಸಮಾಧಾನ ಹೇಳುತ್ತಾನೆ.

ಇದು 1982ರ ‘ಪೋಲ್ಟರ್‌ಗೈಸ್ಟ್’. ನಿರ್ದೇಶನ ಟೋಬ್ ಹೂಪರ್, ಕಥೆ ಮತ್ತು ನಿರ್ಮಾಣ ಸ್ಟೀವನ್ ಸ್ಪೀಲ್‌ಬರ್ಗ್. ಈ ಸಿನಿಮಾ ನೋಡಿದ ಎಷ್ಟೋ ಮಂದಿ, ಮನೆಗೆ ದೆವ್ವ ಹೊಕ್ಕಿದ್ದು ಆದಿವಾಸಿಗಳ ಸಮಾಧಿಯ ಮೇಲೆ ಕಟ್ಟಿದ್ದರಿಂದ ಎಂದೇ ನೆನಪಿಟ್ಟುಕೊಂಡಿದ್ದಾರೆ. ಸಿನಿಮಾ ಬಾಯಿಬಿಟ್ಟು ಅಲ್ಲಗಳೆದದ್ದನ್ನೇ ಜನ ನೆನಪಿಟ್ಟುಕೊಂಡರು. ಪುರಾತನ ಶಾಪ ಎಂದರೆ ಯಾರನ್ನೂ ಹೊಣೆ ಮಾಡಬೇಕಿಲ್ಲ, ಹಾಗಾಗಿ ಅದು ಮನಸ್ಸಿಗೆ ಹಿತ. ಇಲ್ಲಿರುವುದು ಬಿಲ್ಡರ್ ಒಬ್ಬನ ಖರ್ಚು ಉಳಿಸುವ ಜಾಣತನ. ಕೊನೆಯಲ್ಲಿ ಮಳೆ ಸುರಿಯುತ್ತಿರುವಾಗ, ಹಿತ್ತಲಲ್ಲಿ ಅರ್ಧ ಅಗೆದ ಈಜುಕೊಳದಿಂದ ಶವಪೆಟ್ಟಿಗೆಗಳು ಒಂದೊಂದಾಗಿ ಮೇಲೇಳುತ್ತವೆ. ನೌಕರ ಯಜಮಾನನ ಕೊರಳಪಟ್ಟಿ ಹಿಡಿದು, ನೀನು ಸಾಗಿಸಿದ್ದು ಬರೀ ಕಲ್ಲುಗಳನ್ನು, ಹೆಣಗಳನ್ನು ಇಲ್ಲೇ ಬಿಟ್ಟೆ ಎಂದು ಕಿರುಚುತ್ತಾನೆ. ಅದೇ ಜೂನ್ ತಿಂಗಳಲ್ಲಿ ಒಂದೇ ವಾರದ ಅಂತರದಲ್ಲಿ ಸ್ಪೀಲ್‌ಬರ್ಗ್ ನಿರ್ದೇಶನದ ‘ಇ.ಟಿ.’ಯೂ ತೆರೆಕಂಡಿತು. ಅದರಲ್ಲೂ ಕ್ಯಾಲಿಫೋರ್ನಿಯಾದ ಇಂಥದೇ ಬಡಾವಣೆ. ಅಲ್ಲಿ ಆಕಾಶದಿಂದ ನೆಂಟ ಇಳಿದು ಬಂದ, ಇಲ್ಲಿ ನೆಲದಿಂದ ಹೆಣ ಎದ್ದು ಬಂತು.

ಅಮೆರಿಕದ ಉಪನಗರದ ಕತ್ತಲನ್ನು ತೋರಿಸುವ ಸಿನಿಮಾಗಳು ಈಗ ತಮ್ಮದೇ ಒಂದು ಪ್ರಕಾರವಾಗಿ ಬೆಳೆದಿವೆ. ಬಿಳಿ ಬೇಲಿ, ಕತ್ತರಿಸಿದ ಹುಲ್ಲು, ಗ್ಯಾರೇಜಿನಲ್ಲಿ ಎರಡು ಕಾರು. ಬಾಗಿಲ ಹಿಂದೆ ಹಾದರ, ಕುಡಿತ, ಮೌನ, ಒಮ್ಮೊಮ್ಮೆ ಕೊಲೆ. ಆದರೆ ಈ ಸಿನಿಮಾಗಳು ಯಾವ ಹೆಣವನ್ನು ಅಗೆದು ತೆಗೆದವು, ಯಾವುದನ್ನು ಮುಟ್ಟದೆ ಬಿಟ್ಟವು? ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಅದು. ಅದನ್ನು ಕೇಳಬೇಕಾದರೆ ಆ ಬಡಾವಣೆಗಳು ಹುಟ್ಟಿದ ಬಗೆಯನ್ನು ಮೊದಲು ನೋಡಬೇಕು.

ಎರಡನೇ ಮಹಾಯುದ್ಧ ಮುಗಿಸಿ ಲಕ್ಷಾಂತರ ಸೈನಿಕರು ಊರಿಗೆ ಮರಳಿದಾಗ ಅವರಿಗೆ ಇರಲು ಮನೆಗಳಿರಲಿಲ್ಲ. 1944ರ ಕಾಯ್ದೆಯ ಪ್ರಕಾರ ಅವರ ಗೃಹಸಾಲಕ್ಕೆ ಸರ್ಕಾರವೇ ಖಾತರಿ ನಿಂತಿತು. ಲೆವಿಟ್ ಅಂಡ್ ಸನ್ಸ್ ಎಂಬ ಕಂಪನಿ 1947ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನ ಆಲೂಗಡ್ಡೆ ಹೊಲಗಳನ್ನು ಕೊಂಡು ಕೆಲಸ ಶುರುಮಾಡಿತು. ಮನೆ ಕಟ್ಟುವುದನ್ನು 27 ಹಂತಗಳಾಗಿ ಒಡೆದರು. ಒಂದು ತಂಡ ಬರೀ ನೆಲಹಾಸು ಹಾಕುವುದು, ಇನ್ನೊಂದು ಬರೀ ಬಣ್ಣ ಬಳಿಯುವುದು. ಕಾರ್ಖಾನೆಯಲ್ಲಿ ವಸ್ತು ಚಲಿಸುತ್ತದೆ, ಕೆಲಸಗಾರ ನಿಂತಿರುತ್ತಾನೆ. ಇಲ್ಲಿ ಮನೆ ನಿಂತಿತ್ತು, ಕೆಲಸಗಾರ ಚಲಿಸಿದ. ಭರಾಟೆಯ ದಿನಗಳಲ್ಲಿ ದಿನಕ್ಕೆ 30ಕ್ಕೂ ಹೆಚ್ಚು ಮನೆಗಳು ಎದ್ದವು. 1951ರ ಹೊತ್ತಿಗೆ 17,000 ದಾಟಿದವು. ಮೊದಲ ಮಾದರಿಯ ವಿಸ್ತೀರ್ಣ 750 ಚದರಡಿ. 1949ರಲ್ಲಿ ಬಂದ ಮಾದರಿಯ ಬೆಲೆ 7,990 ಡಾಲರ್. ಊರಿಗೆ ಕಂಪನಿಯದೇ ಹೆಸರು: ಲೆವಿಟೌನ್. ನಗರದ ಕಿಷ್ಕಿಂಧೆಯಲ್ಲಿ ಅತ್ತೆ ಮನೆಯ ಒಂದು ಕೋಣೆಯಲ್ಲಿ ಸಂಸಾರ ಮಾಡುತ್ತಿದ್ದ ಗಂಡಹೆಂಡಿರಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ಮುಂದೆ ಈ ಮನೆಗಳನ್ನು ಗೇಲಿ ಮಾಡಿದ ಬಹುತೇಕ ಬರಹಗಾರರು, ನಿರ್ದೇಶಕರು ಆ ಕೋಣೆಯ ಕಷ್ಟವನ್ನು ಮರೆತೇಬಿಡುತ್ತಾರೆ.

ನಿಯಮಗಳೂ ಇದ್ದವು. ಹುಲ್ಲನ್ನು ವಾರಕ್ಕೊಮ್ಮೆ ಕತ್ತರಿಸಬೇಕು. ಬೇಲಿ ಹಾಕುವಂತಿಲ್ಲ. ಶನಿವಾರ, ಭಾನುವಾರ ಹೊರಗೆ ಬಟ್ಟೆ ಒಣಹಾಕುವಂತಿಲ್ಲ. ಇವುಗಳ ಜೊತೆಗೇ, ಆರಂಭದ ಬಾಡಿಗೆ ಕರಾರಿನಲ್ಲಿ 25ನೆಯ ಕಲಮು: ಬಿಳಿಯರಲ್ಲದವರು ಈ ಮನೆಯನ್ನು ಬಳಸಕೂಡದು, ವಾಸಿಸಕೂಡದು. ಒಂದು ವಿನಾಯಿತಿ ಕೊಟ್ಟಿದ್ದರು, ಮನೆಗೆಲಸದವರು ಬರಬಹುದು. ಇದು ಒಬ್ಬ ಬಿಲ್ಡರನ ಹುಚ್ಚಾಟವಲ್ಲ. ಗೃಹಸಾಲಕ್ಕೆ ವಿಮೆ ಕೊಡುತ್ತಿದ್ದ ಕೇಂದ್ರ ಸರ್ಕಾರದ ಇಲಾಖೆಯೇ ಇಂಥ ಕಲಮುಗಳಿಗೆ ಕುಮ್ಮಕ್ಕು ಕೊಡುತ್ತಿತ್ತು. ಇಂಥವನ್ನು ನ್ಯಾಯಾಲಯಗಳು ಜಾರಿಮಾಡುವಂತಿಲ್ಲ ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾಗದದಿಂದ ಕಲಮು ಹೋಯಿತು, ರೂಢಿ ಹೋಗಲಿಲ್ಲ. 1960ರಲ್ಲಿ ಈ ಲೆವಿಟೌನ್‌ನ ಜನಸಂಖ್ಯೆ 82,000. ಅದರಲ್ಲಿ ಕಪ್ಪು ಜನರ ಸಂಖ್ಯೆ ಸೊನ್ನೆ.

ಮನೆಗೆಲಸದವರಿಗೆ ಕೊಟ್ಟ ವಿನಾಯಿತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಹಾಲಿವುಡ್ಡಿಗೆ ಮೊದಲು ಕಂಡಿದ್ದು ಹೆಂಗಸರ ಉಸಿರುಕಟ್ಟು. ಡಗ್ಲಸ್ ಸರ್ಕ್ ಎಂಬ ಜರ್ಮನ್ ವಲಸಿಗನ ‘ಆಲ್ ದಟ್ ಹೆವನ್ ಅಲೌಸ್’ (1955) ನೋಡಿ. ಅನುಕೂಲಸ್ಥ ವಿಧವೆ ಕ್ಯಾರಿ ತನ್ನ ತೋಟ ನೋಡಿಕೊಳ್ಳುವ ತರುಣನನ್ನು ಪ್ರೀತಿಸುತ್ತಾಳೆ. ಕ್ಲಬ್ಬಿನವರು ಪಿಸುಗುಡುತ್ತಾರೆ, ಬೆಳೆದ ಮಗ, ಮಗಳು ಮುಖ ಸಿಂಡರಿಸುತ್ತಾರೆ. ಅವರಿಗಾಗಿ ಅವಳು ಅವನನ್ನು ಬಿಡುತ್ತಾಳೆ. ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳಿಗೆ ತಮ್ಮ ತಮ್ಮ ದಾರಿ ಸಿಕ್ಕಿರುತ್ತದೆ. ಅಮ್ಮನ ಒಂಟಿತನಕ್ಕೆಂದು ಅವರು ಕೊಡಿಸುವ ಉಡುಗೊರೆ ಒಂದು ಟಿ.ವಿ. ರಿಬ್ಬನ್ ಸುತ್ತಿದ ಪೆಟ್ಟಿಗೆಯನ್ನು ಕೋಣೆಯ ನಡುವೆ ತಂದಿಟ್ಟ ಅಂಗಡಿಯವನು, ನಾಟಕ, ಹಾಸ್ಯ, ಬದುಕಿನ ಇಡೀ ಮೆರವಣಿಗೆ ಇದರೊಳಗಿದೆ ಎಂದು ವರ್ಣಿಸುತ್ತಾನೆ. ಕ್ಯಾಮೆರಾ ನಿಧಾನ ಹತ್ತಿರ ಹೋಗುತ್ತದೆ. ಇನ್ನೂ ಹಚ್ಚದ ಟಿ.ವಿ.ಯ ಬೂದು ಗಾಜಿನಲ್ಲಿ ಕಾಣುವುದು ಕ್ಯಾರಿಯ ಮುಖ ಮಾತ್ರ. ಆ ಕಾಲದ ವಿಮರ್ಶಕರು ಇದನ್ನು ‘ಹೆಂಗಸರ ಅಳುಮುಂಜಿ ಸಿನಿಮಾ’ ಎಂದು ಪಕ್ಕಕ್ಕೆ ಸರಿಸಿದ್ದರು. ಎರಡು ಗಂಟೆ ವಾದಿಸಿ ಹೇಳಬಹುದಾದ್ದನ್ನು ಅರ್ಧ ನಿಮಿಷದಲ್ಲಿ ಹೇಳಿದ ಇಂಥ ದೃಶ್ಯ ಈ ಇಡೀ ಪ್ರಕಾರದಲ್ಲಿ ಇನ್ನೊಂದಿಲ್ಲ ಎಂದು ನನ್ನ ಎಣಿಕೆ.

ಇಪ್ಪತ್ತು ವರ್ಷದ ನಂತರ ‘ದಿ ಸ್ಟೆಪ್‌ಫರ್ಡ್ ವೈವ್ಸ್’ (1975) ಅದೇ ಮಾತನ್ನು ಕೂಗಿ ಹೇಳಿತು: ಕನೆಕ್ಟಿಕಟ್‌ನ ಊರೊಂದರ ಗಂಡಸರು ಕ್ಲಬ್ ಕಟ್ಟಿಕೊಂಡು ಹೆಂಡತಿಯರ ಜಾಗಕ್ಕೆ ಒಬ್ಬೊಬ್ಬರಂತೆ ಯಂತ್ರದ ಹೆಂಡತಿಯರನ್ನು ತಂದಿಡುತ್ತಾರೆ. ಅದಕ್ಕೂ ಮುಂಚೆ ಜಾನ್ ಚೀವರ್ ಕಥೆ ಆಧರಿಸಿದ ‘ದಿ ಸ್ವಿಮ್ಮರ್’ನಲ್ಲಿ (1968) ಬರ್ಟ್ ಲ್ಯಾಂಕಸ್ಟರ್ ಈಜುಚಡ್ಡಿಯಲ್ಲೇ ನೆರೆಹೊರೆಯ ಈಜುಕೊಳಗಳನ್ನು ಒಂದೊಂದಾಗಿ ಈಜಿ ಮನೆ ಸೇರಲು ಹೊರಟಿದ್ದ. ಕೊಳದಿಂದ ಕೊಳಕ್ಕೆ ಅವನ ದಿವಾಳಿತನ ಬಯಲಾಗುತ್ತದೆ. ಆಂಗ್ ಲೀ ನಿರ್ದೇಶನದ ‘ದಿ ಐಸ್ ಸ್ಟಾರ್ಮ್’ (1997) 1973ರ ಕನೆಕ್ಟಿಕಟ್‌ಗೆ ಹೋಗಿ, ಪಾರ್ಟಿಯಲ್ಲಿ ಕಾರಿನ ಕೀಲಿ ಎತ್ತಿ ಹೆಂಡತಿಯರನ್ನು ಅದಲುಬದಲು ಮಾಡಿಕೊಳ್ಳುವವರನ್ನು ತೋರಿಸಿತು. ನಿರ್ದೇಶಕ ತೈವಾನ್‌ನವನಾದ್ದರಿಂದಲೋ ಏನೋ, ಅಲ್ಲಿ ಮಕ್ಕಳ ಮೇಲಿನ ಕಣ್ಣು ಹೆಚ್ಚು ಕರುಣೆಯದು.

ಡೇವಿಡ್ ಲಿಂಚ್‌ನ ‘ಬ್ಲೂ ವೆಲ್ವೆಟ್’ (1986) ಇರದೆ ಈ ಮಾತು ಪೂರ್ಣವಾಗದು. ಊರು ಲಂಬರ್‌ಟನ್, ಉಪನಗರಕ್ಕಿಂತ ಸಣ್ಣ ಪಟ್ಟಣ ಎನ್ನಬಹುದು. ನೀಲಿ ಆಕಾಶ, ಬಿಳಿ ಬೇಲಿ, ಕೆಂಪು ಗುಲಾಬಿ. ಅಗ್ನಿಶಾಮಕ ವಾಹನದಿಂದ ಕೈಬೀಸುವ ಸಿಬ್ಬಂದಿ. ಹುಲ್ಲಿಗೆ ನೀರು ಬಿಡುತ್ತಿದ್ದ ವ್ಯಕ್ತಿ ಕುತ್ತಿಗೆ ಹಿಡಿದು ಕುಸಿಯುತ್ತಾನೆ. ಕ್ಯಾಮೆರಾ ಅವನನ್ನು ಬಿಟ್ಟು ಹುಲ್ಲಿನ ಬುಡಕ್ಕೆ ಇಳಿಯುತ್ತದೆ. ಅಲ್ಲಿ ಕಪ್ಪು ಜೀರುಂಡೆಗಳು ಒಂದರ ಮೇಲೊಂದು ಬಿದ್ದು ಕಚ್ಚಾಡುತ್ತಿವೆ. ಈ ಒಂದು ಚಲನೆಯನ್ನು ಮುಂದಿನವರು ಸೂತ್ರ ಮಾಡಿಕೊಂಡರು: ಮೊದಲು ಬೇಲಿ ತೋರಿಸು, ಆಮೇಲೆ ಹುಳ ತೋರಿಸು. ಲಿಂಚ್‌ನಿಗೆ ಆ ಬೇಲಿಯ ಮೇಲೂ ನಿಜವಾದ ಮೋಹವಿತ್ತು ಎಂಬುದು ಅವರ ಗಮನಕ್ಕೆ ಬರಲಿಲ್ಲ. ಮೊಂಟಾನಾ, ಐಡಹೊ ಕಡೆಯ ಊರುಗಳಲ್ಲಿ ಬೆಳೆದವನು ಅವನು. ಸಿನಿಮಾದ ಕೊನೆಗೆ ಕಿಟಕಿಯಲ್ಲಿ ಬಂದು ಕೂರುವ ರಾಬಿನ್ ಹಕ್ಕಿಯ ಕೊಕ್ಕಿನಲ್ಲಿ ಜೀರುಂಡೆಯಿದೆ, ಹಕ್ಕಿ ಮಾತ್ರ ನೋಡಿದೊಡನೆ ಗೊತ್ತಾಗುವಂತೆ ಯಂತ್ರದ್ದು. ಸುಖವೂ ನಿಜ, ಸುಖದ ನಕಲಿತನವೂ ನಿಜ ಎಂಬ ಎರಡನ್ನೂ ಒಟ್ಟಿಗೆ ಹಿಡಿಯುವುದು ಅನುಕರಿಸಿದವರ ಕೈಗೆ ಎಟುಕಲಿಲ್ಲ.

ನಕಲಿಯ ಮಾತು ಬಂತು. ಲಾಸ್ ಏಂಜಲೀಸ್‌ನ ಯೂನಿವರ್ಸಲ್ ಸ್ಟುಡಿಯೊದೊಳಗೆ ಕಲೋನಿಯಲ್ ಸ್ಟ್ರೀಟ್ ಎಂಬ ಬೀದಿಯಿದೆ. ಆದರ್ಶ ಕುಟುಂಬದ ಟಿ.ವಿ. ಧಾರಾವಾಹಿ ‘ಲೀವ್ ಇಟ್ ಟು ಬೀವರ್’ನ ಮನೆ ಇದ್ದದ್ದು ಅಲ್ಲಿ. ನೆರೆಯವರನ್ನು ಕೊಲೆಗಡುಕರೆಂದು ಅನುಮಾನಿಸುವ ಟಾಮ್ ಹ್ಯಾಂಕ್ಸ್‌ನ ‘ದಿ ಬರ್ಬ್ಸ್’ (1989) ತಯಾರಾದದ್ದೂ ಅಲ್ಲೇ, ‘ಡೆಸ್ಪರೇಟ್ ಹೌಸ್‌ವೈವ್ಸ್’ ಧಾರಾವಾಹಿಯ ವಿಸ್ಟೀರಿಯಾ ಲೇನ್ ಕೂಡ ಅದೇ. ಕನಸಿಗೂ ದುಃಸ್ವಪ್ನಕ್ಕೂ ಒಂದೇ ಸೆಟ್, ಬಣ್ಣ ಮಾತ್ರ ಬೇರೆ. ‘ದಿ ಟ್ರೂಮನ್ ಶೋ’ದ (1998) ಕಥೆ ಇನ್ನೂ ಸ್ವಾರಸ್ಯ. ಹುಟ್ಟಿನಿಂದಲೂ ತನಗರಿವಿಲ್ಲದೆ ಟಿ.ವಿ. ಕಾರ್ಯಕ್ರಮದೊಳಗೆ ಬದುಕುವವನ ಊರಿಗೆ ನಿರ್ದೇಶಕ ಪೀಟರ್ ವಿಯರ್‌ಗೆ ಇಡೀ ಸೆಟ್ ಕಟ್ಟಿಸಬೇಕಾಗಿ ಬರಲಿಲ್ಲ. ಫ್ಲಾರಿಡಾದ ಸೀಸೈಡ್ ಎಂಬ ನಿಜವಾದ ಊರು ಸಿಕ್ಕಿತು. ಹಬ್ಬಿದ ಉಪನಗರಗಳಿಗೆ ಬೇಸತ್ತ ವಾಸ್ತುಶಿಲ್ಪಿಗಳು, ಜನ ನಡೆದಾಡಬೇಕು, ಜಗಲಿಯಲ್ಲಿ ಕೂತು ಮಾತಾಡಬೇಕು ಎಂದು 1980ರ ದಶಕದಲ್ಲಿ ಯೋಜಿಸಿದ ಊರದು. ರೋಗಕ್ಕೆಂದು ಕಂಡುಹಿಡಿದ ಮದ್ದನ್ನೇ ಸಿನಿಮಾ ರೋಗದ ಚಿತ್ರವಾಗಿ ಬಳಸಿಕೊಂಡಿತು.

1998, 1999ರಲ್ಲಂತೂ ಇಂಥ ಸಿನಿಮಾಗಳ ಸುಗ್ಗಿ. ‘ಪ್ಲೆಸೆಂಟ್‌ವಿಲ್’, ‘ಹ್ಯಾಪಿನೆಸ್’, ‘ದಿ ವರ್ಜಿನ್ ಸೂಯಿಸೈಡ್ಸ್’. ಎಲ್ಲಕ್ಕೂ ಮೇಲೆ ಐದು ಆಸ್ಕರ್ ಬಾಚಿದ ‘ಅಮೆರಿಕನ್ ಬ್ಯೂಟಿ’. ಬ್ರಿಟನ್ನಿನ ರಂಗಭೂಮಿಯಿಂದ ಬಂದ ಸ್ಯಾಮ್ ಮೆಂಡಿಸ್‌ಗೆ ಅದು ಮೊದಲ ಸಿನಿಮಾ. ಕೆವಿನ್ ಸ್ಪೇಸಿ ಮಾಡಿದ ಲೆಸ್ಟರ್ ಬರ್ನಮ್, ಕಚೇರಿಯವರನ್ನು ಹೆದರಿಸಿ ದುಡ್ಡು ಕಿತ್ತು ಕೆಲಸ ಬಿಡುತ್ತಾನೆ, ಹಳೆಯ ಫೈರ್‌ಬರ್ಡ್ ಕಾರು ಕೊಳ್ಳುತ್ತಾನೆ, ಮಗಳ ಗೆಳತಿಯ ಮೆಚ್ಚುಗೆಗಾಗಿ ಭಾರ ಎತ್ತುತ್ತಾನೆ. ಆಗ ಇದನ್ನು ಬಂಡಾಯ ಎಂದರು. ಈಗ ನೋಡಿದರೆ ಮಧ್ಯವಯಸ್ಸಿನ ಗಂಡಸಿನ ಮುನಿಸಿನಂತೆ ಕಾಣುತ್ತದೆ. ಮನೆ ಮಾರುವ ಕೆಲಸ ಮಾಡಿ ಸಂಸಾರ ತೂಗಿಸುವ ಹೆಂಡತಿ ಕ್ಯಾರೊಲಿನ್ ನಗೆಪಾಟಲು, ಅವಳ ಹಣದ ಚಿಂತೆಯೂ ನಗೆಪಾಟಲು. ಆ ಮನೆಯ ಸಾಲದ ಕಂತು ತಿಂಗಳು ತಿಂಗಳು ಯಾರೋ ಕಟ್ಟಲೇಬೇಕು ಎಂಬುದು ಸಿನಿಮಾಕ್ಕೆ ತೀರ ಕೀಳು ವಿಷಯ. ಕಾನ್ರಾಡ್ ಹಾಲ್‌ನ ಛಾಯಾಗ್ರಹಣ ಮಾತ್ರ ಈಗಲೂ ಅಪ್ಪಟ.

ನನ್ನನ್ನು ಕೇಳಿದರೆ ಆ ದಶಕದ ದೊಡ್ಡ ಕೃತಿ ಟಾಡ್ ಹೇನ್ಸ್‌ನ ‘ಸೇಫ್’ (1995). ಕ್ಯಾಲಿಫೋರ್ನಿಯಾದ ಸ್ಯಾನ್ ಫರ್ನಾಂಡೊ ಕಣಿವೆ, 1987. ಹೇನ್ಸ್ ಬೆಳೆದದ್ದೂ ಆ ಕಣಿವೆಯಲ್ಲೇ. ಗೃಹಿಣಿ ಕ್ಯಾರಲ್ ವೈಟ್ ಆಗಿ ಜೂಲಿಯನ್ ಮೂರ್. ಅವಳ ಬದುಕಿನ ಅತಿ ದೊಡ್ಡ ಬಿಕ್ಕಟ್ಟು, ಅಂಗಡಿಯವರು ಬೇರೆ ಬಣ್ಣದ ಸೋಫಾ ತಂದಿಟ್ಟು ಹೋದದ್ದು. ಆಮೇಲೆ ಒಂದೊಂದಾಗಿ ಶುರುವಾಗುತ್ತದೆ: ಲಾರಿಯ ಹೊಗೆಗೆ ಉಸಿರುಗಟ್ಟುವ ಕೆಮ್ಮು, ಕೂದಲು ಗುಂಗುರು ಮಾಡಿಸುವಾಗ ಮೂಗಿನಿಂದ ರಕ್ತ, ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಮೈ ಅದುರಿ ಕುಸಿತ. ವೈದ್ಯರಿಗೆ ಏನೂ ಸಿಗುವುದಿಲ್ಲ. ಕಾಯಿಲೆ ರಾಸಾಯನಿಕಗಳದೋ, ಆ ಬದುಕಿನದೋ, ಅವಳ ಮನಸ್ಸಿನದೋ ಎಂದು ಹೇನ್ಸ್ ಕೊನೆಯವರೆಗೂ ಹೇಳುವುದಿಲ್ಲ. ವಿಶಾಲ ಕೋಣೆಗಳಲ್ಲಿ ಅವಳನ್ನು ಎಷ್ಟು ದೂರದಿಂದ ಚಿತ್ರಿಸುತ್ತಾನೆಂದರೆ, ಪೀಠೋಪಕರಣದ ನಡುವೆ ಅವಳನ್ನು ಹುಡುಕಬೇಕು. ಹಾದರವಿಲ್ಲ, ಕೊಲೆಯಿಲ್ಲ, ಗಂಡ ಕೆಟ್ಟವನಲ್ಲ. ಆದರೂ ಇದರಷ್ಟು ಭಯ ಹುಟ್ಟಿಸುವ ಉಪನಗರದ ಸಿನಿಮಾ ಇನ್ನೊಂದನ್ನು ನಾನು ನೋಡಿಲ್ಲ. ಹಿನ್ನೆಲೆಯಲ್ಲಿ ಸದ್ದಿಲ್ಲದೆ ಓಡಾಡುವ, ಸ್ಪ್ಯಾನಿಷ್ ಮಾತಾಡುವ ಮನೆಗೆಲಸದಾಕೆ ಇದ್ದಾಳೆ. ಅದೇ ಹೊಗೆ, ಅದೇ ಶುಚಿಕಾರಕಗಳು ಅವಳ ಕೈಗೂ ತಾಗುತ್ತವೆ. ಅವಳ ಆರೋಗ್ಯವನ್ನು ಯಾರೂ ವಿಚಾರಿಸುವುದಿಲ್ಲ.

ಈಗ ಆ ಕಲಮಿಗೂ ಅದರ ವಿನಾಯಿತಿಗೂ ಬರೋಣ. ಪೆನ್ಸಿಲ್ವೇನಿಯಾದಲ್ಲಿ ಲೆವಿಟ್ ಕಂಪನಿ ಕಟ್ಟಿದ ಎರಡನೆಯ ಲೆವಿಟೌನ್‌ಗೆ 1957ರ ಆಗಸ್ಟ್‌ನಲ್ಲಿ ವಿಲಿಯಂ ಮತ್ತು ಡೇಸಿ ಮೈಯರ್ಸ್ ದಂಪತಿ ಮಕ್ಕಳೊಂದಿಗೆ ವಾಸಕ್ಕೆ ಬಂದರು. ಅಲ್ಲಿಗೆ ಬಂದ ಮೊದಲ ಕಪ್ಪು ಕುಟುಂಬ. ರಾತ್ರಿರಾತ್ರಿ ನೂರಾರು ಜನ ಮನೆಮುಂದೆ ಸೇರಿದರು, ಕಿಟಕಿಗೆ ಕಲ್ಲು ತೂರಿದರು, ಶಿಲುಬೆ ಸುಟ್ಟರು. ರಾಜ್ಯ ಪೊಲೀಸರು ಬರಬೇಕಾಯಿತು. ಅದೇ ವರ್ಷ ಅಲ್ಲಿಯ ನಿವಾಸಿಗಳನ್ನು ಮಾತಾಡಿಸಿ ತೆಗೆದ ಒಂದು ಕಿರು ಸಾಕ್ಷ್ಯಚಿತ್ರವಿದೆ. ಅಚ್ಚುಕಟ್ಟಾಗಿ ಬಾಚಿಕೊಂಡ ಗೃಹಿಣಿಯರು, ದನಿ ಎತ್ತರಿಸದೆ, ಅವರು ಬಂದರೆ ನಮ್ಮ ಮನೆಯ ಬೆಲೆ ಬಿದ್ದುಹೋಗುತ್ತದೆ ಎಂಬಂತೆ ವಿವರಿಸುತ್ತಾರೆ. ಯಾವ ನಟಿಯೂ ಆ ಶಾಂತಿಯನ್ನು ಅಭಿನಯಿಸಲಾರಳು.

ಹಾಲಿವುಡ್ ಆ ವರ್ಷ ಏನು ಮಾಡುತ್ತಿತ್ತು? ಮಾರ್ಟಿನ್ ರಿಟ್‌ನ ‘ನೋ ಡೌನ್ ಪೇಮೆಂಟ್’ ಬಂತು. ಕ್ಯಾಲಿಫೋರ್ನಿಯಾದ ಹೊಸ ಬಡಾವಣೆ, ನಾಲ್ಕು ದಂಪತಿ, ಸಾಲ, ಕುಡಿತ, ಅತ್ಯಾಚಾರ. ಅದರಲ್ಲೊಂದು ಉಪಕಥೆ: ಬಡಾವಣೆಯ ಒಬ್ಬನ ಅಂಗಡಿಯಲ್ಲಿ ದುಡಿಯುವ ಜಪಾನಿ ಮೂಲದವನು ಅಲ್ಲೇ ಮನೆ ಕೊಳ್ಳಲು ಬಯಸುತ್ತಾನೆ, ಮಾಲೀಕನಿಗೆ ಇಕ್ಕಟ್ಟು. ಪ್ರಶ್ನೆ ಎತ್ತಿದ್ದೇ ದೊಡ್ಡದು. ಆದರೆ ಕಪ್ಪು ಕುಟುಂಬ ಎನ್ನುವ ಧೈರ್ಯ ಬರಲಿಲ್ಲ. ಅರುವತ್ತು ವರ್ಷದ ನಂತರ, 2017ರಲ್ಲಿ, ಜಾರ್ಜ್ ಕ್ಲೂನಿ ‘ಸಬರ್ಬಿಕಾನ್’ನಲ್ಲಿ ಮೈಯರ್ಸ್ ಕುಟುಂಬದ ಪ್ರಸಂಗವನ್ನೇ ಎತ್ತಿಕೊಂಡ. ಕೊಯೆನ್ ಸಹೋದರರ ಹಳೆಯ ಪತ್ತೇದಾರಿ ಚಿತ್ರಕಥೆಯೊಂದಕ್ಕೆ ಅದನ್ನು ಹೊಲಿದ. ಕ್ಯಾಮೆರಾ ಕೊಲೆ ನಡೆಯುವ ಬಿಳಿಯರ ಮನೆಯೊಳಗೇ ಉಳಿಯಿತು. ಪಕ್ಕದ ಮನೆಗೆ ಕಲ್ಲು ಬೀಳುವುದು ಹಿನ್ನೆಲೆಯ ಸದ್ದಾಯಿತು. ಸಿನಿಮಾ ನೆಲಕಚ್ಚಿತು, ಕಚ್ಚಬೇಕಾದದ್ದೇ. ಹೇನ್ಸ್ ‘ಫಾರ್ ಫ್ರಮ್ ಹೆವನ್’ನಲ್ಲಿ (2002) ಹೆಚ್ಚು ಜಾಣನಾಗಿದ್ದ. ಸರ್ಕ್‌ನ ಕಥೆಯನ್ನೇ 1957ರ ಕನೆಕ್ಟಿಕಟ್‌ಗೆ ತಂದು, ತೋಟದವನನ್ನು ಕಪ್ಪು ಮನುಷ್ಯನಾಗಿಸಿದ, ವಿಧವೆಯ ಬದಲು ಸಲಿಂಗಿ ಗಂಡನಿರುವ ಗೃಹಿಣಿಯನ್ನು ಇಟ್ಟ. ಸರ್ಕ್‌ನ ಸಿನಿಮಾದಲ್ಲಿ ತೋಟದವನಾಗಿದ್ದ ರಾಕ್ ಹಡ್ಸನ್ ತಾನು ಸಲಿಂಗಿ ಎಂಬುದನ್ನು ಜೀವಮಾನವಿಡೀ ಮುಚ್ಚಿಡಬೇಕಾಗಿದ್ದವನು ಎಂದು ಗೊತ್ತಿದ್ದವರಿಗೆ ಇದರ ಪೆಟ್ಟು ಎರಡುಪಟ್ಟು.

ಆ ಕಲಮನ್ನು ಭಯದ ಕೇಂದ್ರಕ್ಕೇ ತಂದಿಟ್ಟದ್ದು ಜೋರ್ಡನ್ ಪೀಲ್‌ನ ‘ಗೆಟ್ ಔಟ್’ (2017). 45 ಲಕ್ಷ ಡಾಲರಿನಲ್ಲಿ ತೆಗೆದು 25 ಕೋಟಿ ದಾಟಿದ ಸಿನಿಮಾ. ಮೊದಲ ದೃಶ್ಯ ರಾತ್ರಿಯ ಉಪನಗರ. ಒಂದರಂತೆ ಒಂದಿರುವ ಬೀದಿಗಳಲ್ಲಿ ದಾರಿ ತಪ್ಪಿದ ಕಪ್ಪು ಯುವಕ ಫೋನಿನಲ್ಲಿ ಮಾತಾಡುತ್ತ ನಡೆಯುತ್ತಿದ್ದಾನೆ. ಬಿಳಿ ಕಾರೊಂದು ನಿಧಾನವಾಗಿ ಅವನ ಹಿಂದೆ ಬೀಳುತ್ತದೆ. 1978ರ ‘ಹ್ಯಾಲೋವೀನ್’ ಇಂಥದೇ ಬೀದಿಗೆ ಮುಖವಾಡದ ಕೊಲೆಗಾರನನ್ನು ಕಳಿಸಿತ್ತು. ನೋಡುವವರು ಮನೆಯೊಳಗಿನ ಹುಡುಗಿಗಾಗಿ ಹೆದರುತ್ತಿದ್ದರು. ಪೀಲ್ ಬೀದಿಯಲ್ಲಿ ನಡೆಯುವವನ ಎದೆಬಡಿತವನ್ನು ಕೇಳಿಸಿದ, ಭಯ ಹುಟ್ಟಿಸುವುದು ಅಲ್ಲಿಯ ಮನೆಗಳೇ. ಮುಂದೆ ಕಥೆ ಕಾಡಂಚಿನ ದೊಡ್ಡ ಬಂಗಲೆಗೆ ಹೋಗುತ್ತದೆ. ಅಲ್ಲಿರುವ ಕಪ್ಪು ಜನ ಇಬ್ಬರೇ, ಮನೆಗೆಲಸದಾಕೆ ಮತ್ತು ತೋಟದವನು. ಅವರ ಮೈಯೊಳಗೆ ಇರುವುದು ಆ ಮನೆಯ ಬಿಳಿ ಅಜ್ಜಿ, ಅಜ್ಜನ ಮಿದುಳು. ಲೆವಿಟೌನ್‌ನ ಕರಾರು ಯಾರಿಗೆ ವಿನಾಯಿತಿ ಕೊಟ್ಟಿತ್ತೋ ಅವರ ದೇಹವನ್ನೇ ಈ ಸಿನಿಮಾ ಭಯದ ಆಗರ ಮಾಡಿತು. ಪೀಲ್ ಆ ಕಲಮನ್ನು ಓದಿದ್ದನೋ ಇಲ್ಲವೋ, ಅದರ ಇಷ್ಟು ನಿಖರವಾದ ಭಾಷ್ಯ ಬೇರೆ ಸಿಗದು.

ಇದನ್ನು ಕರಿಯರ, ಬಿಳಿಯರ ನಡುವಿನ ಅವರೂರಿನ ವಿಷಯವೆಂದು ನಾವು ದೂರ ಇಡುವಂತಿಲ್ಲ. ಮಗ, ಮಗಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಹೋಗುವ ನಮ್ಮ ಹಿರಿಯರು ಬೆಳಗಿನ ವಾಕಿಂಗ್ ಮಾಡುವುದು ಇಂಥ ಬೀದಿಗಳಲ್ಲೇ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಗುಜರಾತಿನಿಂದ ಮಗನ ಮನೆಗೆ ಬಂದಿದ್ದ ಅಜ್ಜನೊಬ್ಬರು ಹೀಗೆ ನಡೆಯುತ್ತಿದ್ದಾಗ, ಯಾರೋ ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ ಎಂದು ನೆರೆಯವರೊಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಇಂಗ್ಲಿಷ್ ಬಾರದ ಅವರನ್ನು ಅಧಿಕಾರಿ ನೆಲಕ್ಕೆ ಕೆಡವಿದ. ಬೆನ್ನುಮೂಳೆಗೆ ಪೆಟ್ಟಾಗಿ ಅಂಗಗಳು ಸ್ವಾಧೀನ ತಪ್ಪಿದವು. ಎರಡು ಬಾರಿ ವಿಚಾರಣೆ ನಡೆದರೂ ಜ್ಯೂರಿಯಲ್ಲಿ ಒಮ್ಮತ ಮೂಡಲಿಲ್ಲ, ಕೊನೆಗೆ ನ್ಯಾಯಾಧೀಶರು ಅಧಿಕಾರಿಯನ್ನು ಖುಲಾಸೆ ಮಾಡಿದರು. ‘ಗೆಟ್ ಔಟ್’ ಬರಲು ಆಗಿನ್ನೂ ಎರಡು ವರ್ಷವಿತ್ತು.

ಇನ್ನೊಂದು ಹೆಣ ಉಳಿದಿದೆ, ಅದು ಸಾಲದ್ದು. 2008ರ ಗೃಹಸಾಲ ಕುಸಿತದಲ್ಲಿ ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡವು. ಅದರ ಮೇಲೆ ರಮೀನ್ ಬಹ್ರಾನಿ ತೆಗೆದ ‘99 ಹೋಮ್ಸ್’ (2014) ನಮ್ಮಲ್ಲಿ ಹೆಚ್ಚು ಜನ ನೋಡಿದಂತಿಲ್ಲ. ಮಂಗಳೂರಿನಲ್ಲಿ ಬೆಳೆದ ಅರವಿಂದ ಅಡಿಗರು ‘ದಿ ವೈಟ್ ಟೈಗರ್’ ಕಾದಂಬರಿಯನ್ನು ಅರ್ಪಿಸಿದ್ದು ಇದೇ ಬಹ್ರಾನಿಗೆ, ಮುಂದೆ ಅದನ್ನು ಸಿನಿಮಾ ಮಾಡಿದ್ದೂ ಅವನೇ. ‘99 ಹೋಮ್ಸ್’ ನಡೆಯುವುದು ಫ್ಲಾರಿಡಾದ ಒರ್ಲಾಂಡೊದಲ್ಲಿ. ಕಟ್ಟಡ ಕೆಲಸದ ಡೆನಿಸ್ ನ್ಯಾಶ್, ಅವನ ತಾಯಿ, ಪುಟ್ಟ ಮಗ, ಕಂತು ಬಾಕಿ. ಬೇಕಾದ್ದು ತೆಗೆದುಕೊಳ್ಳಲು ಕೆಲವೇ ನಿಮಿಷ ಕೊಟ್ಟು, ಉಳಿದ ಸಾಮಾನನ್ನೆಲ್ಲ ಹುಲ್ಲಿನ ಮೇಲೆ ತಂದು ಸುರಿಯುತ್ತಾರೆ. ಗತಿಯಿಲ್ಲದೆ ಅವನು, ತನ್ನನ್ನು ಹೊರಹಾಕಿದ ದಲ್ಲಾಳಿಯ ಕೈಕೆಳಗೇ ಸೇರಿ ಬೇರೆಯವರ ಬಾಗಿಲು ಬಡಿಯತೊಡಗುತ್ತಾನೆ. ಮನೆಯೆಂದರೆ ದೊಡ್ಡದೋ ಚಿಕ್ಕದೋ ಒಂದು ಡಬ್ಬ, ಅದಕ್ಕೆ ಮನಸ್ಸು ಅಂಟಿಸಿಕೊಳ್ಳಬೇಡ ಎಂದು ಮೈಕೆಲ್ ಶಾನನ್ ಮಾಡಿದ ಆ ದಲ್ಲಾಳಿ ಬುದ್ಧಿ ಹೇಳುತ್ತಾನೆ. ಈ ಮನೆಗಳೊಳಗೆ ಜನ ಸುಖವಾಗಿದ್ದರೇ, ದಾಂಪತ್ಯ ಸರಿಯಿತ್ತೇ ಎಂದು ಬಹ್ರಾನಿ ಕೇಳುವುದಿಲ್ಲ. ಕೇಳುವಷ್ಟು ಪುರುಸೊತ್ತು ಕೊಡದೆ, ಮನೆ ಖಾಲಿ ಮಾಡಿಸುವ ಶೆರಿಫ್ ಕಡೆಯವರು ಒಳಗೆ ಬಂದಾಗಿರುತ್ತದೆ.